ಔಷಧ ಸಂಯುಕ್ತಗಳ ಅಸಮ್ಮಿತ ಸಂಶ್ಲೇಷಣೆ

ಅಸಮ್ಮಿತ ಸಂಶ್ಲೇಷಣೆಯು ಸಾವಯವ ರಸಾಯನಶಾಸ್ತ್ರದ ಒಂದು ವಿಭಾಗ. ಪರಸ್ಪರ ಕನ್ನಡಿಯ ಬಿಂಬ ಮತ್ತು ಪ್ರತಿಬಿಂಬಗಳಂತಿರುವ ಎರಡು ಅಣುರೂಪಗಳಲ್ಲಿ ಒಂದನ್ನು ಮಾತ್ರ, ಅಥವಾ ಒಂದನ್ನು ಇನ್ನೊಂದಕ್ಕಿಂತ ಬಹಳ ಹೆಚ್ಚಿನ ಪ್ರಮಾಣದಲ್ಲಿ, ತಯಾರಿಸುವ ವಿಧಾನಗಳನ್ನು ಇದು ಒಳಗೊಂಡಿದೆ. ದೇಹದ ಕಿಣ್ವಗಳೂ ಗ್ರಾಹಕಗಳೂ ಈ ಎರಡು ರೂಪಗಳನ್ನು ಬೇರೆ ಬೇರೆಯಾಗಿ ಗುರುತಿಸುವುದರಿಂದ ಔಷಧ ತಯಾರಿಕೆಯಲ್ಲಿ ಈ ವಿಧಾನಗಳಿಗೆ ವಿಶೇಷ ಮಹತ್ವವಿದೆ. ಪಾರ್ಕಿನ್ಸನ್ ಕಾಯಿಲೆಗೆ ನೀಡುವ ಎಲ್-ಡೋಪಾ, ಸೋಂಕುಗಳಿಗೆ ನೀಡುವ ಲೀವೊಫ್ಲಾಕ್ಸಸಿನ್, ಮಧುಮೇಹಕ್ಕೆ ನೀಡುವ ಸಿಟಾಗ್ಲಿಪ್ಟಿನ್ ಮೊದಲಾದವು ಈ ರೀತಿ ಒಂದೇ ರೂಪದಲ್ಲಿ ತಯಾರಾಗುವ ಔಷಧಗಳು. ಈ ಕ್ಷೇತ್ರದ ಸಂಶೋಧನೆಗೆ 2001 ಮತ್ತು 2021ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಗಳು ಸಂದಿವೆ. ಕರ್ನಾಟಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಈ ಸಂಶೋಧನೆಯ ಪ್ರಮುಖ ಕೇಂದ್ರ. ಮಂಗಳೂರು ನಗರದಲ್ಲಿ ಔಷಧ ಮೂಲವಸ್ತುಗಳ ತಯಾರಿಕಾ ಘಟಕಗಳಿವೆ. ಈ ಕರಾವಳಿಯ ಪುನರ್ಪುಳಿ, ನಸುಗುನ್ನಿ ಮೊದಲಾದ ಸಸ್ಯಗಳು ಒಂದೇ ಪ್ರತಿಬಿಂಬ ರೂಪದ ಸಂಯುಕ್ತಗಳ ಸಹಜ ಆಕರಗಳಾಗಿವೆ.

## ಹಿನ್ನೆಲೆ

ಎಡಗೈ ಮತ್ತು ಬಲಗೈಗಳ ಬೆರಳುಗಳ ಸಂಖ್ಯೆಯೂ ಜೋಡಣೆಯೂ ಒಂದೇ. ಆದರೂ ಒಂದನ್ನು ಇನ್ನೊಂದರ ಮೇಲೆ ಒಂದೇ ಮುಖವಾಗಿ ಇಟ್ಟರೆ ಅವು ಹೊಂದಿಕೊಳ್ಳುವುದಿಲ್ಲ. ಈ ಗುಣವನ್ನು ಕೈರಾಲಿಟಿ ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ 'ಕೈ' ಎಂಬ ಅರ್ಥದ ಪದದಿಂದ ಈ ಹೆಸರು ಬಂದಿದೆ. ಒಂದು ಇಂಗಾಲದ ಪರಮಾಣುವಿಗೆ ನಾಲ್ಕು ಬೇರೆ ಬೇರೆ ಗುಂಪುಗಳು ಅಂಟಿಕೊಂಡಿದ್ದರೆ ಅವನ್ನು ಎರಡು ರೀತಿಯಲ್ಲಿ ಜೋಡಿಸಬಹುದು. ಹೀಗೆ ದೊರೆಯುವ ಎರಡು ಅಣುಗಳನ್ನು ಪ್ರತಿಬಿಂಬ ಸಮಾಂಗಿಗಳು ಎಂದು ಕರೆಯಲಾಗುತ್ತದೆ. ಇವುಗಳ ಕುದಿಬಿಂದು, ಕರಗುವ ಬಿಂದು, ಸಾಂದ್ರತೆ ಎಲ್ಲವೂ ಒಂದೇ ಆಗಿರುತ್ತವೆ. ಆದರೆ ಧ್ರುವೀಕೃತ ಬೆಳಕನ್ನು ಒಂದು ರೂಪ ಬಲಕ್ಕೆ ತಿರುಗಿಸಿದರೆ ಇನ್ನೊಂದು ಅಷ್ಟೇ ಪ್ರಮಾಣದಲ್ಲಿ ಎಡಕ್ಕೆ ತಿರುಗಿಸುತ್ತದೆ. ಆದ್ದರಿಂದ ಅವುಗಳನ್ನು ಬಲಮುರಿ ಮತ್ತು ಎಡಮುರಿ ರೂಪಗಳೆಂದೂ ಹೇಳುವುದುಂಟು. ಎರಡೂ ಸಮಪ್ರಮಾಣದಲ್ಲಿರುವ ಮಿಶ್ರಣವನ್ನು ರೇಸಿಮಿಕ್ ಮಿಶ್ರಣ ಎನ್ನುತ್ತಾರೆ. ಅದು ಬೆಳಕನ್ನು ಯಾವ ಕಡೆಗೂ ತಿರುಗಿಸುವುದಿಲ್ಲ.

ಜೀವಿಗಳ ಪ್ರೋಟೀನುಗಳು ಬಹುಮಟ್ಟಿಗೆ ಎಲ್-ಅಮೈನೋ ಆಮ್ಲಗಳಿಂದ ರಚಿತವಾಗಿವೆ. ಆದ್ದರಿಂದ ಕಿಣ್ವಗಳೂ ಗ್ರಾಹಕಗಳೂ ತಾವೇ ಕೈರಲ್ ಆಗಿರುತ್ತವೆ. ಎಡಗಾಲಿನ ಚಪ್ಪಲಿ ಬಲಗಾಲಿಗೆ ಸರಿಹೊಂದದಂತೆ, ಗ್ರಾಹಕದಲ್ಲಿ ಕುಳಿತುಕೊಳ್ಳುವ ಔಷಧದ ಪ್ರತಿಬಿಂಬವು ಅದೇ ಗ್ರಾಹಕದಲ್ಲಿ ಸರಿಯಾಗಿ ಕುಳಿತುಕೊಳ್ಳದೆ ಹೋಗಬಹುದು. ಈ ವ್ಯತ್ಯಾಸವನ್ನು ಮನುಷ್ಯನ ಮೂಗು ಕೂಡ ಗುರುತಿಸಬಲ್ಲದು. ಕಾರ್ವೋನ್ ಎಂಬ ಸಂಯುಕ್ತದ ಎಡಮುರಿ ರೂಪ ಸ್ಪಿಯರ್‌ಮಿಂಟ್ ಪುದೀನದ ವಾಸನೆಯನ್ನು ಕೊಟ್ಟರೆ, ಬಲಮುರಿ ರೂಪ ಸಬ್ಬಸಿಗೆ ಬೀಜದ ವಾಸನೆಗೆ ಕಾರಣವಾಗಿದೆ.

## ಹೆಸರಿಸುವ ಕ್ರಮ

ಪ್ರತಿಬಿಂಬ ಸಮಾಂಗಿಗಳನ್ನು ಸೂಚಿಸಲು ಮೂರು ಕ್ರಮಗಳು ಬಳಕೆಯಲ್ಲಿವೆ. ಧನ ಮತ್ತು ಋಣ ಚಿಹ್ನೆಗಳು ಬೆಳಕು ತಿರುಗುವ ದಿಕ್ಕನ್ನು ತಿಳಿಸುತ್ತವೆ. ಡಿ ಮತ್ತು ಎಲ್ ಎಂಬವು ಸಕ್ಕರೆಗಳು ಹಾಗೂ ಅಮೈನೋ ಆಮ್ಲಗಳಿಗೆ ಹಿಂದಿನಿಂದ ಬಳಕೆಯಲ್ಲಿರುವ ಸಂಕೇತಗಳು. ಆರ್ ಮತ್ತು ಎಸ್ ಎಂಬವು ಕಾನ್, ಇಂಗೋಲ್ಡ್ ಮತ್ತು ಪ್ರೆಲಾಗ್ ರೂಪಿಸಿದ ನಿಯಮಗಳಂತೆ ಗುಂಪುಗಳ ಜೋಡಣೆಯನ್ನು ತಿಳಿಸುತ್ತವೆ. ಜೋಡಣೆಯ ಸಂಕೇತಕ್ಕೂ ಬೆಳಕು ತಿರುಗುವ ದಿಕ್ಕಿಗೂ ನೇರ ಸಂಬಂಧವಿಲ್ಲ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಎಸ್-ಐಬುಪ್ರೊಫೆನ್ ಬೆಳಕನ್ನು ಬಲಕ್ಕೆ ತಿರುಗಿಸುತ್ತದೆ, ಎಸ್-ಆಫ್ಲಾಕ್ಸಸಿನ್ ಎಡಕ್ಕೆ ತಿರುಗಿಸುತ್ತದೆ.

ಔಷಧದ ಹೆಸರಿನ ಆರಂಭದಲ್ಲಿ ಬರುವ 'ಲೀವೊ', 'ಡೆಕ್ಸ್', 'ಎಸ್' ಮೊದಲಾದ ಉಪಸರ್ಗಗಳು ಅದು ಒಂದೇ ರೂಪದ ಔಷಧ ಎಂಬುದನ್ನು ಸೂಚಿಸುತ್ತವೆ. ಲೀವೊಸೆಟಿರಿಜಿನ್, ಲೀವೊಸಾಲ್ಬುಟಮಾಲ್, ಡೆಕ್ಸ್‌ಐಬುಪ್ರೊಫೆನ್, ಎಸೊಮೆಪ್ರಜೋಲ್, ಎಸಿಟಲೋಪ್ರಾಮ್ ಇದಕ್ಕೆ ಉದಾಹರಣೆಗಳು. ಇವುಗಳಲ್ಲಿ ಲೀವೊ ಮತ್ತು ಡೆಕ್ಸ್ ಎಂಬವು ಬೆಳಕಿನ ದಿಕ್ಕಿನಿಂದಲೂ, ಎಸ್ ಎಂಬುದು ಜೋಡಣೆಯ ಸಂಕೇತದಿಂದಲೂ ಬಂದಿವೆ.

## ಔಷಧಗಳಲ್ಲಿ ಇದರ ಮಹತ್ವ

ಪ್ರತಿಬಿಂಬ ಸಮಾಂಗಿಗಳು ದೇಹದಲ್ಲಿ ವರ್ತಿಸುವ ರೀತಿ ಔಷಧದಿಂದ ಔಷಧಕ್ಕೆ ಬದಲಾಗುತ್ತದೆ. ಕೆಲವೆಡೆ ಎರಡೂ ರೂಪಗಳಿಗೆ ಗುಣವಿರುತ್ತದೆ, ಕೆಲವೆಡೆ ಒಂದು ನಿಷ್ಕ್ರಿಯವಾಗಿರುತ್ತದೆ, ಇನ್ನು ಕೆಲವೆಡೆ ಒಂದು ಹಾನಿಕಾರಕವಾಗಿರುತ್ತದೆ.

* ಎಥಾಂಬ್ಯುಟಾಲ್: ಕ್ಷಯರೋಗದ ಚಿಕಿತ್ಸೆಯಲ್ಲಿ ಬಳಸುವ ಈ ಔಷಧದಲ್ಲಿ ಎರಡು ಕೈರಲ್ ಕೇಂದ್ರಗಳಿವೆ. ಎರಡೂ ಎಸ್ ಆಗಿರುವ ರೂಪವು ಎರಡೂ ಆರ್ ಆಗಿರುವ ರೂಪಕ್ಕಿಂತ ನೂರಾರು ಪಟ್ಟು ಹೆಚ್ಚು ಪರಿಣಾಮಕಾರಿ. ಚಿಕಿತ್ಸೆಯಲ್ಲಿ ಮೊದಲಿನ ರೂಪವನ್ನು ಮಾತ್ರ ಬಳಸಲಾಗುತ್ತದೆ.
* ಪೆನಿಸಿಲಮೈನ್: ದೇಹದಲ್ಲಿ ತಾಮ್ರ ಸಂಗ್ರಹವಾಗುವ ವಿಲ್ಸನ್ ಕಾಯಿಲೆಗೆ ಇದರ ಡಿ ರೂಪ ಔಷಧವಾಗಿದೆ. ಎಲ್ ರೂಪ ವಿಷಕಾರಿ.
* ಐಬುಪ್ರೊಫೆನ್: ನೋವು ಶಮನ ಮಾಡುವುದು ಮುಖ್ಯವಾಗಿ ಎಸ್ ರೂಪ. ಆದರೆ ದೇಹದ ಕಿಣ್ವಗಳು ಆರ್ ರೂಪದ ಬಹುಭಾಗವನ್ನು ಎಸ್ ರೂಪಕ್ಕೆ ಬದಲಾಯಿಸುತ್ತವೆ. ಆದ್ದರಿಂದ ಇದು ಇಂದಿಗೂ ಹೆಚ್ಚಾಗಿ ರೇಸಿಮಿಕ್ ಮಿಶ್ರಣವಾಗಿಯೇ ಮಾರಾಟವಾಗುತ್ತದೆ.
* ಆಮ್ಲೋಡಿಪಿನ್: ರಕ್ತದೊತ್ತಡವನ್ನು ಇಳಿಸುವ ಗುಣ ಎಸ್ ರೂಪದಲ್ಲಿದೆ. ಭಾರತದ ಮಾರುಕಟ್ಟೆಯಲ್ಲಿ ರೇಸಿಮಿಕ್ ಔಷಧದ ಜೊತೆಗೆ ಎಸ್ ರೂಪವೂ ಪ್ರತ್ಯೇಕವಾಗಿ ದೊರೆಯುತ್ತದೆ.

### ಥಾಲಿಡೋಮೈಡ್ ಪ್ರಕರಣ

1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ನಿದ್ರೆಯ ಔಷಧವಾಗಿ ಮಾರಾಟಕ್ಕೆ ಬಂದ ಥಾಲಿಡೋಮೈಡ್ ಅನ್ನು ಗರ್ಭಿಣಿಯರ ವಾಕರಿಕೆಗೂ ನೀಡಲಾಯಿತು. ಇದರಿಂದ ಹಲವು ದೇಶಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಕೈಕಾಲುಗಳ ಬೆಳವಣಿಗೆ ಕುಂಠಿತಗೊಂಡು ಜನಿಸಿದರೆಂದು ಅಂದಾಜಿಸಲಾಗಿದೆ. 1961ರ ನವೆಂಬರ್‌ನಲ್ಲಿ ಜರ್ಮನಿಯಲ್ಲಿ ಇದರ ಮಾರಾಟವನ್ನು ನಿಲ್ಲಿಸಲಾಯಿತು. ಅಮೆರಿಕದಲ್ಲಿ ಔಷಧ ನಿಯಂತ್ರಣ ಸಂಸ್ಥೆಯ ಅಧಿಕಾರಿ ಫ್ರಾನ್ಸಿಸ್ ಕೆಲ್ಸಿ ಇದಕ್ಕೆ ಅನುಮತಿ ನೀಡಿರಲಿಲ್ಲ.

ಇದರ ಆರ್ ರೂಪ ನಿದ್ರೆ ತರುತ್ತದೆ, ಎಸ್ ರೂಪ ಭ್ರೂಣಕ್ಕೆ ಹಾನಿ ಮಾಡುತ್ತದೆ, ಆದ್ದರಿಂದ ಆರ್ ರೂಪವನ್ನಷ್ಟೇ ಮಾರಿದ್ದರೆ ದುರಂತ ತಪ್ಪುತ್ತಿತ್ತು ಎಂಬ ವಿವರಣೆ ಅನೇಕ ಪಠ್ಯಗಳಲ್ಲಿ ಕಂಡುಬರುತ್ತದೆ. ಇದು ಸರಿಯಲ್ಲ. ಥಾಲಿಡೋಮೈಡ್‌ನ ಎರಡು ರೂಪಗಳು ದೇಹದ ದ್ರವಗಳಲ್ಲಿ ತಾವಾಗಿಯೇ ಒಂದರಿಂದ ಇನ್ನೊಂದಕ್ಕೆ ಬದಲಾಗುತ್ತವೆ. ಶುದ್ಧವಾದ ಆರ್ ರೂಪವನ್ನು ಸೇವಿಸಿದರೂ ಕೆಲವು ಗಂಟೆಗಳಲ್ಲಿ ದೇಹದಲ್ಲಿ ಎರಡೂ ರೂಪಗಳು ಇರುತ್ತವೆ. ಒಂದೇ ರೂಪವನ್ನು ತಯಾರಿಸುವುದರ ಜೊತೆಗೆ, ಅದು ದೇಹದಲ್ಲಿ ಅದೇ ರೂಪದಲ್ಲಿ ಉಳಿಯುತ್ತದೆಯೇ ಎಂಬುದನ್ನೂ ಪರೀಕ್ಷಿಸಬೇಕೆಂಬುದು ಈ ಪ್ರಕರಣದ ಪಾಠ. 1992ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಕೈರಲ್ ಔಷಧಗಳ ಬಗೆಗೆ ತನ್ನ ನೀತಿಯನ್ನು ಪ್ರಕಟಿಸಿತು. ಅದರಂತೆ ಹೊಸ ಔಷಧದ ಪ್ರತಿಯೊಂದು ಪ್ರತಿಬಿಂಬ ರೂಪದ ಗುಣಗಳನ್ನೂ ಬೇಗನೆ ಅಧ್ಯಯನ ಮಾಡುವುದು ಅಪೇಕ್ಷಣೀಯವಾಯಿತು.

## ಇತಿಹಾಸ

1848ರಲ್ಲಿ ಲೂಯಿ ಪಾಶ್ಚರ್ ಟಾರ್ಟಾರಿಕ್ ಆಮ್ಲದ ಸೋಡಿಯಂ ಅಮೋನಿಯಂ ಲವಣದ ಹರಳುಗಳಲ್ಲಿ ಎರಡು ಬಗೆಗಳಿರುವುದನ್ನು ಕಂಡು, ಅವುಗಳನ್ನು ಚಿಮುಟದಿಂದ ಬೇರ್ಪಡಿಸಿದರು. ಒಂದು ಬಗೆಯ ಹರಳಿನ ದ್ರಾವಣ ಬೆಳಕನ್ನು ಬಲಕ್ಕೂ, ಇನ್ನೊಂದರದು ಎಡಕ್ಕೂ ತಿರುಗಿಸಿತು. 1874ರಲ್ಲಿ ವ್ಯಾನ್ಟ್ ಹಾಫ್ ಮತ್ತು ಲ ಬೆಲ್ ಇಂಗಾಲದ ನಾಲ್ಕು ಬಂಧಗಳು ಚತುರ್ಮುಖಿಯ ಮೂಲೆಗಳತ್ತ ಚಾಚಿಕೊಂಡಿವೆ ಎಂದು ಪ್ರತ್ಯೇಕವಾಗಿ ಸೂಚಿಸಿ ಇದಕ್ಕೆ ವಿವರಣೆ ನೀಡಿದರು. 1951ರಲ್ಲಿ ಬೈವುಟ್ ಮತ್ತು ಸಹೋದ್ಯೋಗಿಗಳು ಎಕ್ಸ್-ಕಿರಣಗಳ ನೆರವಿನಿಂದ ಟಾರ್ಟಾರಿಕ್ ಆಮ್ಲದ ಗುಂಪುಗಳ ನಿಜವಾದ ಜೋಡಣೆಯನ್ನು ನಿರ್ಧರಿಸಿದರು.

1904ರಲ್ಲಿ ಮಾರ್ಕ್‌ವಾಲ್ಡ್ ಅಸಮ್ಮಿತ ಸಂಶ್ಲೇಷಣೆಗೆ ಒಂದು ವ್ಯಾಖ್ಯೆಯನ್ನು ನೀಡಿದರು. 1912ರಲ್ಲಿ ಬ್ರೆಡಿಗ್ ಮತ್ತು ಫಿಸ್ಕೆ ಸಿಂಕೋನಾ ಮರದ ಆಲ್ಕಲಾಯ್ಡ್‌ಗಳನ್ನು ಕ್ರಿಯಾವರ್ಧಕವಾಗಿ ಬಳಸಿ ಬೆಂಜಾಲ್ಡಿಹೈಡಿಗೆ ಹೈಡ್ರೋಜನ್ ಸಯನೈಡನ್ನು ಸೇರಿಸಿದರು. ದೊರೆತ ಆಯ್ಕೆ ತೀರ ಅಲ್ಪವಾಗಿತ್ತು. ಆದರೂ ಒಂದು ಸಣ್ಣ ಕೈರಲ್ ಅಣು ಕಿಣ್ವದಂತೆ ವರ್ತಿಸಬಲ್ಲದು ಎಂಬುದು ಇದರಿಂದ ತಿಳಿಯಿತು. 1961ರಲ್ಲಿ ಹರ್ಬರ್ಟ್ ಬ್ರೌನ್ ಮತ್ತು ಜ್ವೈಫೆಲ್ ಪೈನ್ ಮರದ ಟರ್ಪಂಟೈನ್‌ನಲ್ಲಿರುವ ಪೈನೀನ್‌ನಿಂದ ಒಂದು ಬೋರಾನ್ ಸಂಯುಕ್ತವನ್ನು ತಯಾರಿಸಿ, ಅದರ ಮೂಲಕ ಹೆಚ್ಚಿನ ಆಯ್ಕೆಯನ್ನು ಸಾಧಿಸಿದರು.

1968ರಲ್ಲಿ ಮೊನ್ಸಾಂಟೊ ಕಂಪನಿಯ ವಿಲಿಯಂ ನೋಲ್ಸ್ ಕೈರಲ್ ಫಾಸ್ಫೀನ್ ಜೋಡಿಸಿದ ರೋಡಿಯಂ ಕ್ರಿಯಾವರ್ಧಕದಿಂದ ಅಸಮ್ಮಿತ ಹೈಡ್ರೋಜನೀಕರಣವನ್ನು ನಡೆಸಿದರು. ಆಗ ದೊರೆತ ಆಧಿಕ್ಯ ಶೇ. 15 ಮಾತ್ರ. 1971ರಲ್ಲಿ ಫ್ರಾನ್ಸಿನ ಆಂರಿ ಕಗಾನ್ ಟಾರ್ಟಾರಿಕ್ ಆಮ್ಲದಿಂದ ತಯಾರಿಸಿದ ಡಯಾಪ್ ಎಂಬ ಲಿಗ್ಯಾಂಡಿನಿಂದ ಇದನ್ನು ಬಹಳವಾಗಿ ಹೆಚ್ಚಿಸಿದರು. 1980ರಲ್ಲಿ ಜಪಾನಿನ ರ‍್ಯೋಜಿ ನೊಯೊರಿ ಬೈನಾಪ್ ಲಿಗ್ಯಾಂಡನ್ನೂ, ಅದೇ ವರ್ಷ ಬ್ಯಾರಿ ಶಾರ್ಪ್‌ಲೆಸ್ ಮತ್ತು ಕತ್ಸುಕಿ ಟೈಟಾನಿಯಂ ಹಾಗೂ ಡೈಈಥೈಲ್ ಟಾರ್ಟ್ರೇಟ್ ಬಳಸುವ ಎಪಾಕ್ಸೀಕರಣವನ್ನೂ ಪ್ರಕಟಿಸಿದರು. ನೋಲ್ಸ್, ನೊಯೊರಿ ಮತ್ತು ಶಾರ್ಪ್‌ಲೆಸ್ 2001ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಲೋಹವಿಲ್ಲದ ಸಣ್ಣ ಸಾವಯವ ಅಣುಗಳನ್ನೇ ಕ್ರಿಯಾವರ್ಧಕವಾಗಿ ಬಳಸುವ ವಿಧಾನಕ್ಕಾಗಿ ಬೆಂಜಮಿನ್ ಲಿಸ್ಟ್ ಮತ್ತು ಡೇವಿಡ್ ಮ್ಯಾಕ್‌ಮಿಲನ್ 2021ರ ಪ್ರಶಸ್ತಿಯನ್ನು ಪಡೆದರು.

## ವಿಧಾನಗಳು

### ರೇಸಿಮಿಕ್ ಮಿಶ್ರಣದ ಬೇರ್ಪಡಿಕೆ

ಇದು ಹಳೆಯ ವಿಧಾನ. ಮೊದಲು ಎರಡೂ ರೂಪಗಳ ಮಿಶ್ರಣವನ್ನು ತಯಾರಿಸಿ, ಅದಕ್ಕೆ ಟಾರ್ಟಾರಿಕ್ ಆಮ್ಲದಂತಹ ಒಂದೇ ರೂಪದ ಕೈರಲ್ ವಸ್ತುವನ್ನು ಸೇರಿಸಲಾಗುತ್ತದೆ. ಆಗ ಉಂಟಾಗುವ ಎರಡು ಲವಣಗಳು ಪರಸ್ಪರ ಪ್ರತಿಬಿಂಬಗಳಾಗಿರುವುದಿಲ್ಲ. ಅವುಗಳ ಕರಗುವಿಕೆ ಬೇರೆ ಬೇರೆಯಾಗಿರುವುದರಿಂದ ಒಂದು ಮೊದಲು ಹರಳುಗಟ್ಟುತ್ತದೆ. ವಿಧಾನ ಸರಳವಾಗಿದ್ದರೂ ಬೇಡದ ರೂಪವನ್ನು ಮತ್ತೆ ರೇಸಿಮಿಕ್ ಮಾಡಲಾಗದಿದ್ದರೆ ಗರಿಷ್ಠ ಇಳುವರಿ ಶೇ. 50 ಮಾತ್ರ. ತಯಾರಿಸಿದ ವಸ್ತುವಿನ ಅರ್ಧಭಾಗ, ಅದಕ್ಕೆ ವ್ಯಯವಾದ ದ್ರಾವಕ ಮತ್ತು ಶಕ್ತಿಯ ಸಹಿತ, ವ್ಯರ್ಥವಾಗುತ್ತದೆ. ಅಸಮ್ಮಿತ ಸಂಶ್ಲೇಷಣೆಯ ಬೆಳವಣಿಗೆಗೆ ಈ ನಷ್ಟವೇ ಮುಖ್ಯ ಪ್ರೇರಣೆ.

### ಸಹಜ ಕೈರಲ್ ಆಕರಗಳ ಬಳಕೆ

ನಿಸರ್ಗದಲ್ಲಿ ಒಂದೇ ರೂಪದಲ್ಲಿ ದೊರೆಯುವ ಅಮೈನೋ ಆಮ್ಲ, ಸಕ್ಕರೆ, ಹಣ್ಣಿನ ಹುಳಿ ಹಾಗೂ ಸುಗಂಧ ತೈಲಗಳ ಘಟಕಗಳನ್ನು ಆರಂಭಿಕ ವಸ್ತುವಾಗಿ ಬಳಸುವುದು ಇನ್ನೊಂದು ವಿಧಾನ. ಅಣುವಿನ ಕೈರಲ್ ಕೇಂದ್ರವನ್ನು ಹೊಸದಾಗಿ ನಿರ್ಮಿಸುವ ಬದಲು, ಇರುವ ಕೇಂದ್ರವನ್ನು ಉಳಿಸಿಕೊಂಡು ಉಳಿದ ಭಾಗವನ್ನು ಕಟ್ಟಲಾಗುತ್ತದೆ.

### ಕೈರಲ್ ಸಹಾಯಕಗಳು

ಕೈರಲ್ ಅಲ್ಲದ ಅಣುವಿಗೆ ಒಂದು ಕೈರಲ್ ಗುಂಪನ್ನು ತಾತ್ಕಾಲಿಕವಾಗಿ ಜೋಡಿಸಿ, ಅದರ ಪ್ರಭಾವದಲ್ಲಿ ಕ್ರಿಯೆ ನಡೆಸಿ, ಬಳಿಕ ಆ ಗುಂಪನ್ನು ತೆಗೆಯಲಾಗುತ್ತದೆ. ಡೇವಿಡ್ ಇವಾನ್ಸ್ ಅಮೈನೋ ಆಮ್ಲಗಳಿಂದ ತಯಾರಿಸಿದ ಆಕ್ಸಜೋಲಿಡಿನೋನ್‌ಗಳೂ, ವೋಲ್ಫ್‌ಗಾಂಗ್ ಓಪೋಲ್ಜರ್ ಕರ್ಪೂರದಿಂದ ತಯಾರಿಸಿದ ಸಲ್ಟಾಮ್‌ಗಳೂ ಪ್ರಸಿದ್ಧ ಸಹಾಯಕಗಳು. ಪ್ರತಿ ಅಣುವಿಗೂ ಒಂದು ಸಹಾಯಕ ಬೇಕಾಗುವುದು ಇದರ ಮಿತಿ.

### ಕೈರಲ್ ಕ್ರಿಯಾವರ್ಧಕಗಳು

ಇಲ್ಲಿ ಅತ್ಯಲ್ಪ ಪ್ರಮಾಣದ ಕೈರಲ್ ವಸ್ತುವಿನಿಂದ ದೊಡ್ಡ ಪ್ರಮಾಣದ ಕೈರಲ್ ಉತ್ಪನ್ನ ದೊರೆಯುತ್ತದೆ. ಲೋಹದ ಪರಮಾಣುವನ್ನು ಸುತ್ತುವರಿದ ಕೈರಲ್ ಲಿಗ್ಯಾಂಡುಗಳು ಕ್ರಿಯೆ ನಡೆಯುವ ಸ್ಥಳದಲ್ಲಿ ಒಂದು ಬದಿಯನ್ನು ಮರೆಮಾಡುತ್ತವೆ. ಹೈಡ್ರೋಜನ್ ಅಥವಾ ಆಮ್ಲಜನಕವು ತೆರೆದ ಬದಿಯಿಂದ ಮಾತ್ರ ಬರುತ್ತದೆ. ಸಾವಯವ ಕ್ರಿಯಾವರ್ಧಕಗಳಲ್ಲಿ ಪ್ರೋಲೀನ್ ಎಂಬ ಅಮೈನೋ ಆಮ್ಲ ಮುಖ್ಯವಾದುದು. 1971ರಷ್ಟು ಹಿಂದೆಯೇ ಎರಡು ಔಷಧ ಕಂಪನಿಗಳ ಸಂಶೋಧಕರು ಸ್ಟೀರಾಯ್ಡ್ ತಯಾರಿಕೆಗಾಗಿ ಇದನ್ನು ಬಳಸಿದ್ದರು.

### ಕಿಣ್ವಗಳು

ಕಿಣ್ವಗಳು ಸಾಮಾನ್ಯವಾಗಿ ನೀರಿನಲ್ಲಿ, ಸಾಧಾರಣ ತಾಪಮಾನದಲ್ಲಿ ಕೆಲಸ ಮಾಡುತ್ತವೆ. ಅಗತ್ಯಕ್ಕೆ ತಕ್ಕಂತೆ ಅವುಗಳನ್ನು ಮಾರ್ಪಡಿಸುವ ನಿರ್ದೇಶಿತ ವಿಕಾಸ ವಿಧಾನಕ್ಕಾಗಿ ಫ್ರಾನ್ಸಿಸ್ ಆರ್ನಾಲ್ಡ್ 2018ರ ನೊಬೆಲ್ ಪ್ರಶಸ್ತಿಯ ಅರ್ಧಭಾಗವನ್ನು ಪಡೆದರು. ಸಿಟಾಗ್ಲಿಪ್ಟಿನ್ ತಯಾರಿಕೆಯಲ್ಲಿ ಮೊದಲು ಹೆಚ್ಚಿನ ಒತ್ತಡದಲ್ಲಿ ರೋಡಿಯಂ ಕ್ರಿಯಾವರ್ಧಕವನ್ನು ಬಳಸಲಾಗುತ್ತಿತ್ತು. 2010ರಲ್ಲಿ ಮರ್ಕ್ ಮತ್ತು ಕೋಡೆಕ್ಸಿಸ್ ಕಂಪನಿಗಳು ಅದರ ಬದಲಿಗೆ ಮಾರ್ಪಡಿಸಿದ ಒಂದು ಟ್ರಾನ್ಸಮಿನೇಸ್ ಕಿಣ್ವವನ್ನು ಪ್ರಕಟಿಸಿದವು. ಇದರಿಂದ ದೊರೆತ ಆಧಿಕ್ಯ ಶೇ. 99.95ಕ್ಕಿಂತ ಹೆಚ್ಚು.

## ಆಯ್ಕೆಯ ಅಳತೆ

ಆಯ್ಕೆಯನ್ನು ಪ್ರತಿಬಿಂಬ ಆಧಿಕ್ಯ ಎಂಬ ಪ್ರಮಾಣದಿಂದ ಹೇಳಲಾಗುತ್ತದೆ. ಹೆಚ್ಚಿರುವ ರೂಪದ ಶೇಕಡಾವಾರು ಪ್ರಮಾಣದಿಂದ ಕಡಿಮೆ ಇರುವ ರೂಪದ ಪ್ರಮಾಣವನ್ನು ಕಳೆದರೆ ಇದು ದೊರೆಯುತ್ತದೆ. ಉತ್ಪನ್ನದಲ್ಲಿ ಎರಡು ರೂಪಗಳು 95 ಮತ್ತು 5ರ ಪ್ರಮಾಣದಲ್ಲಿದ್ದರೆ ಆಧಿಕ್ಯ ಶೇ. 90. ರೇಸಿಮಿಕ್ ಮಿಶ್ರಣದಲ್ಲಿ ಇದು ಸೊನ್ನೆ.

ಎರಡು ರೂಪಗಳಿಗೆ ಹೋಗುವ ಮಾರ್ಗಗಳ ಶಕ್ತಿತಡೆಗಳಲ್ಲಿರುವ ವ್ಯತ್ಯಾಸವೇ ಆಯ್ಕೆಗೆ ಕಾರಣ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಈ ವ್ಯತ್ಯಾಸ ಮೋಲಿಗೆ ಸುಮಾರು 5.7 ಕಿಲೋಜೂಲ್ ಇದ್ದರೆ ಉತ್ಪನ್ನಗಳ ಅನುಪಾತ 10:1 ಆಗುತ್ತದೆ. ಸುಮಾರು 11.4 ಕಿಲೋಜೂಲ್ ಇದ್ದರೆ ಅನುಪಾತ 100:1 ಆಗುತ್ತದೆ. ಇಂಗಾಲದ ಎರಡು ಪರಮಾಣುಗಳ ನಡುವಿನ ಒಂದು ಏಕಬಂಧವನ್ನು ಮುರಿಯಲು ಮೋಲಿಗೆ ಸುಮಾರು 350 ಕಿಲೋಜೂಲ್ ಬೇಕು. ಅದಕ್ಕೆ ಹೋಲಿಸಿದರೆ ಇದು ಅತ್ಯಲ್ಪ ಶಕ್ತಿ. ಲಿಗ್ಯಾಂಡಿನಲ್ಲಿ ಒಂದು ಗುಂಪು ಬದಲಾದರೂ, ತಾಪಮಾನ ಕೆಲವು ಡಿಗ್ರಿ ಏರಿದರೂ ಆಯ್ಕೆ ಕುಸಿಯಬಹುದಾದುದಕ್ಕೆ ಇದೇ ಕಾರಣ. ತಾಪಮಾನ ತಗ್ಗಿದಷ್ಟೂ ಸಾಮಾನ್ಯವಾಗಿ ಆಯ್ಕೆ ಹೆಚ್ಚುವುದರಿಂದ ಪ್ರಯೋಗಾಲಯಗಳಲ್ಲಿ ಅನೇಕ ಕ್ರಿಯೆಗಳನ್ನು ಒಣ ಮಂಜುಗಡ್ಡೆಯ ತಾಪಮಾನವಾದ ಮೈನಸ್ 78 ಡಿಗ್ರಿಯಲ್ಲಿ ನಡೆಸಲಾಗುತ್ತದೆ.

ಆಧಿಕ್ಯವನ್ನು ಅಳೆಯಲು ಮೊದಲು ಧ್ರುವಮಾಪಕವನ್ನು ಬಳಸುತ್ತಿದ್ದರು. ಈಗ ಸೆಲ್ಯುಲೋಸ್ ಮೊದಲಾದವುಗಳ ಉತ್ಪನ್ನಗಳನ್ನು ತುಂಬಿದ ಕೈರಲ್ ಸ್ತಂಭಗಳಿರುವ ದ್ರವ ಕ್ರೊಮ್ಯಾಟೊಗ್ರಫಿ ಸಾಮಾನ್ಯವಾಗಿದೆ. ಗುಂಪುಗಳ ನಿಜವಾದ ಜೋಡಣೆಯನ್ನು ಎಕ್ಸ್-ಕಿರಣ ಸ್ಫಟಿಕಶಾಸ್ತ್ರದಿಂದ ನಿರ್ಧರಿಸಲಾಗುತ್ತದೆ.

## ಒಂದು ಉದಾಹರಣೆ: ಎಲ್-ಡೋಪಾ

ಪಾರ್ಕಿನ್ಸನ್ ಕಾಯಿಲೆಯಲ್ಲಿ ಮಿದುಳಿನ ಕೆಲವು ನರಕೋಶಗಳು ನಶಿಸಿ ಡೋಪಮಿನ್ ಕೊರತೆ ಉಂಟಾಗುತ್ತದೆ. ಡೋಪಮಿನ್ ರಕ್ತದಿಂದ ಮಿದುಳಿಗೆ ದಾಟಲಾರದು, ಆದರೆ ಅದರ ಪೂರ್ವವಸ್ತುವಾದ ಎಲ್-ಡೋಪಾ ದಾಟಬಲ್ಲದು. 1967ರಲ್ಲಿ ಜಾರ್ಜ್ ಕೋಟ್ಜಿಯಸ್ ಹೆಚ್ಚಿನ ಪ್ರಮಾಣದಲ್ಲಿ ಡೋಪಾ ನೀಡಿ ರೋಗಿಗಳಲ್ಲಿ ಗಮನಾರ್ಹ ಸುಧಾರಣೆಯನ್ನು ತೋರಿಸಿದರು. ಆಗ ಬಳಸಿದ್ದು ಎರಡೂ ರೂಪಗಳ ಮಿಶ್ರಣ. ಕೆಲವು ರೋಗಿಗಳಲ್ಲಿ ಬಿಳಿ ರಕ್ತಕಣಗಳ ಇಳಿಕೆ ಕಂಡುಬಂದುದರಿಂದ ಬಳಿಕ ಎಲ್ ರೂಪವನ್ನು ಮಾತ್ರ ಬಳಸಲಾಯಿತು. ಇದರಿಂದ ಶುದ್ಧ ಎಲ್ ರೂಪಕ್ಕೆ ದೊಡ್ಡ ಪ್ರಮಾಣದ ಬೇಡಿಕೆ ಉಂಟಾಯಿತು.

ಮೊನ್ಸಾಂಟೊ ವಿಧಾನದಲ್ಲಿ ವೆನಿಲಿನ್‌ನಿಂದ ಆರಂಭಿಸಿ ದ್ವಿಬಂಧವಿರುವ ಒಂದು ಮಧ್ಯಂತರ ಸಂಯುಕ್ತವನ್ನು ತಯಾರಿಸಲಾಗುತ್ತದೆ. ಈ ದ್ವಿಬಂಧಕ್ಕೆ ಡಿಪಾಂಪ್ ಎಂಬ ಲಿಗ್ಯಾಂಡ್ ಜೋಡಿಸಿದ ರೋಡಿಯಂ ಕ್ರಿಯಾವರ್ಧಕದ ಸಮ್ಮುಖದಲ್ಲಿ ಹೈಡ್ರೋಜನ್ ಸೇರಿಸಿದಾಗ ಶೇ. 95ರಷ್ಟು ಆಧಿಕ್ಯದಲ್ಲಿ ಬೇಕಾದ ರೂಪ ದೊರೆಯುತ್ತದೆ. ಹರಳುಗಟ್ಟಿಸಿ ಅದನ್ನು ಶುದ್ಧಗೊಳಿಸಲಾಗುತ್ತದೆ. 1974ರಲ್ಲಿ ಆರಂಭವಾದ ಈ ತಯಾರಿಕೆಯು ಅಸಮ್ಮಿತ ಕ್ರಿಯಾವರ್ಧನೆಯನ್ನು ಕೈಗಾರಿಕೆಯಲ್ಲಿ ಅಳವಡಿಸಿದ ಮೊದಲ ಉದಾಹರಣೆಗಳಲ್ಲಿ ಒಂದು.

ಎಲ್-ಡೋಪಾ ನಿಸರ್ಗದಲ್ಲಿಯೂ ದೊರೆಯುತ್ತದೆ. ಕರ್ನಾಟಕದ ಬೇಲಿಗಳಲ್ಲಿ, ಕಾಡಿನ ಅಂಚುಗಳಲ್ಲಿ ಹಬ್ಬುವ, ಮುಟ್ಟಿದರೆ ತುರಿಕೆ ತರಿಸುವ ಕಾಯಿಗಳ ಬಳ್ಳಿಯಾದ ನಸುಗುನ್ನಿಯ ಬೀಜಗಳಲ್ಲಿ ಇದು ಗಣನೀಯ ಪ್ರಮಾಣದಲ್ಲಿದೆ. 1937ರಲ್ಲಿ ಮದ್ರಾಸಿನಲ್ಲಿ ಎಂ. ದಾಮೋದರನ್ ಮತ್ತು ಆರ್. ರಾಮಸ್ವಾಮಿ ಈ ಬೀಜಗಳಿಂದ ಇದನ್ನು ಬೇರ್ಪಡಿಸಿ ವರದಿ ಮಾಡಿದರು. ಬೀಜದಿಂದ ಬೀಜಕ್ಕೆ ಇದರ ಪ್ರಮಾಣ ಬದಲಾಗುವುದರಿಂದ ವೈದ್ಯರ ಸಲಹೆಯಿಲ್ಲದೆ ಬೀಜವನ್ನೇ ಔಷಧವಾಗಿ ಸೇವಿಸುವುದು ಅಪಾಯಕರ.

## ಕರ್ನಾಟಕದಲ್ಲಿ

### ಸಹಜ ಆಕರಗಳು

ಅಸಮ್ಮಿತ ಸಂಶ್ಲೇಷಣೆಯಲ್ಲಿ ಪದೇ ಪದೇ ಬಳಕೆಯಾಗುವ ಬಲಮುರಿ ಟಾರ್ಟಾರಿಕ್ ಆಮ್ಲವು ಹುಣಸೆಹಣ್ಣಿನ ಹುಳಿಗೆ ಮುಖ್ಯ ಕಾರಣವಾಗಿದೆ. ಪಾಶ್ಚರ್ ಅವರ ಹರಳುಗಳು, ಕಗಾನ್ ಅವರ ಲಿಗ್ಯಾಂಡ್ ಮತ್ತು ಶಾರ್ಪ್‌ಲೆಸ್ ಅವರ ಎಪಾಕ್ಸೀಕರಣ ಇವೆಲ್ಲವೂ ಇದೇ ಆಮ್ಲಕ್ಕೆ ಸಂಬಂಧಿಸಿದವು.

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಬೇಸಗೆಯ ಪಾನಕಕ್ಕೂ ಸಾರಿಗೂ ಬಳಸುವ ಪುನರ್ಪುಳಿ ಹಾಗೂ ಮಲೆನಾಡಿನ ಉಪ್ಪಗೆ ಒಂದೇ ಗಾರ್ಸೀನಿಯ ಕುಲದ ಮರಗಳು. ಇವುಗಳ ಹಣ್ಣಿನ ಸಿಪ್ಪೆಯಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲವಿದೆ. ಮೊದಲು ಈ ಹುಳಿಯನ್ನು ಟಾರ್ಟಾರಿಕ್ ಅಥವಾ ಸಿಟ್ರಿಕ್ ಆಮ್ಲವೆಂದು ಭಾವಿಸಲಾಗಿತ್ತು. 1965ರಲ್ಲಿ ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯ ವೈ. ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ ಉಪ್ಪಗೆ ಹಣ್ಣಿನ ಮುಖ್ಯ ಆಮ್ಲ ಎಡಮುರಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು ಗುರುತಿಸಿದರು. ಎರಡು ಕೈರಲ್ ಕೇಂದ್ರಗಳಿರುವುದರಿಂದ ಈ ಆಮ್ಲಕ್ಕೆ ನಾಲ್ಕು ರೂಪಗಳು ಸಾಧ್ಯ. ಗಾರ್ಸೀನಿಯದಲ್ಲಿ ಅವುಗಳಲ್ಲಿ ಒಂದು ದೊರೆತರೆ, ಪುಂಡಿಯ ಜಾತಿಗೆ ಸೇರಿದ ಹೈಬಿಸ್ಕಸ್ ಸಬ್ದಾರಿಫಾ ಗಿಡದಲ್ಲಿ ಇನ್ನೊಂದು ದೊರೆಯುತ್ತದೆ. ಕೇರಳದ ಕೊಟ್ಟಾಯಂನ ಮಹಾತ್ಮ ಗಾಂಧಿ ವಿಶ್ವವಿದ್ಯಾಲಯದಲ್ಲಿ ಇಬ್ರಾಹಿಂ ಇಬ್ನುಸೌದ್ ಮತ್ತು ಸಹೋದ್ಯೋಗಿಗಳು ಈ ಆಮ್ಲಗಳನ್ನು ಕೈರಲ್ ಆರಂಭಿಕ ವಸ್ತುಗಳಾಗಿ ಸಂಶ್ಲೇಷಣೆಯಲ್ಲಿ ಬಳಸಿದ್ದಾರೆ.

1969ರಲ್ಲಿ ಎಡಮುರಿ ರೂಪವು ಕೊಬ್ಬಿನ ತಯಾರಿಕೆಯಲ್ಲಿ ಪಾಲ್ಗೊಳ್ಳುವ ಎಟಿಪಿ ಸಿಟ್ರೇಟ್ ಲಯೇಸ್ ಎಂಬ ಕಿಣ್ವವನ್ನು ತಡೆಯುತ್ತದೆ ಎಂದು ತಿಳಿದ ಬಳಿಕ ಇದು ತೂಕ ಇಳಿಸುವ ಪೂರಕವಾಗಿ ಪ್ರಚಾರ ಪಡೆಯಿತು. ಬೇಡಿಕೆ ಏರಿದಂತೆ ಉತ್ತರ ಕನ್ನಡದ ಕಾಡುಗಳಲ್ಲಿ ಉಪ್ಪಗೆಯ ಅತಿಯಾದ ಸಂಗ್ರಹವೂ, ಸಿಪ್ಪೆ ಒಣಗಿಸಲು ಸೌದೆಯ ಬಳಕೆಯೂ ಕಳವಳಕ್ಕೆ ಕಾರಣವಾದವು. ಮನುಷ್ಯರಲ್ಲಿ ತೂಕ ಇಳಿಕೆಯ ಬಗೆಗೆ ದೊರೆತಿರುವ ಸಾಕ್ಷ್ಯ ದುರ್ಬಲವಾಗಿದೆ. ಇಂತಹ ಪೂರಕಗಳನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದ ವರದಿಗಳೂ ಇವೆ.

### ಸಂಶೋಧನೆ

1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಹಜ ಕೈರಲ್ ವಸ್ತುಗಳ ಅಧ್ಯಯನಕ್ಕೆ ದೀರ್ಘ ಇತಿಹಾಸವಿದೆ. 1920ರ ದಶಕದಲ್ಲಿ ಇಲ್ಲಿ ಪ್ರಾಧ್ಯಾಪಕರಾಗಿದ್ದ ಜಾನ್ ಸೈಮನ್ಸನ್, ಅದಕ್ಕೂ ಮೊದಲು ಭಾರತದ ಪೈನ್ ಮರದ ಟರ್ಪಂಟೈನ್‌ನಿಂದ ಕೆರೀನ್ ಎಂಬ ಟರ್ಪೀನನ್ನು ಬೇರ್ಪಡಿಸಿದ್ದರು. ದಶಕಗಳ ಬಳಿಕ ಬ್ರೌನ್ ಅವರ ತಂಡ ಇದೇ ಕೆರೀನ್‌ನಿಂದ ಅಸಮ್ಮಿತ ಸಂಶ್ಲೇಷಣೆಗೆ ಉಪಯುಕ್ತವಾದ ಬೋರಾನ್ ಸಂಯುಕ್ತಗಳನ್ನು ತಯಾರಿಸಿತು.

ಸಂಸ್ಥೆಯ ಸಾವಯವ ರಸಾಯನಶಾಸ್ತ್ರ ವಿಭಾಗದಲ್ಲಿ ಎ. ಶ್ರೀಕೃಷ್ಣ ಅವರು ಕಾರ್ವೋನ್‌ನಿಂದ ಆರಂಭಿಸಿ ಅನೇಕ ಟರ್ಪೀನ್‌ಗಳನ್ನು ಒಂದೇ ಪ್ರತಿಬಿಂಬ ರೂಪದಲ್ಲಿ ಸಂಶ್ಲೇಷಿಸಿದರು. ಕೆ. ಆರ್. ಪ್ರಸಾದ್ ಅವರ ತಂಡ ಟಾರ್ಟಾರಿಕ್ ಆಮ್ಲದ ಅಮೈಡುಗಳಿಂದ ಜೈವಿಕ ಚಟುವಟಿಕೆಯುಳ್ಳ ಸಹಜ ಉತ್ಪನ್ನಗಳನ್ನು ನಿರ್ಮಿಸುವ ಮಾರ್ಗಗಳನ್ನು ರೂಪಿಸಿದೆ. ಶಾಂತನು ಮುಖರ್ಜಿ ಅವರ ತಂಡ ಕೈರಲ್ ಸಾವಯವ ಕ್ರಿಯಾವರ್ಧಕಗಳ ಕುರಿತು ಸಂಶೋಧನೆ ನಡೆಸುತ್ತಿದೆ.

### ಮಂಗಳೂರು

ಮಂಗಳೂರಿನ ಸಮೀಪದ ಕೊಣಾಜೆಯಲ್ಲಿ 1968ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಆರಂಭವಾಯಿತು. ಅದು 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯವಾಯಿತು. ಇಲ್ಲಿನ ರಸಾಯನಶಾಸ್ತ್ರ ವಿಭಾಗದಲ್ಲಿ ಬಿ. ಶಿವರಾಮ ಹೊಳ್ಳ, ಬಾಲಕೃಷ್ಣ ಕಲ್ಲೂರಾಯ ಮೊದಲಾದವರು ಟ್ರೈಅಜೋಲ್, ಸಿಡ್ನೋನ್ ಮುಂತಾದ ವಿಷಮಚಕ್ರೀಯ ಸಂಯುಕ್ತಗಳನ್ನು ತಯಾರಿಸಿ ಅವುಗಳ ಔಷಧೀಯ ಗುಣಗಳನ್ನು ಅಧ್ಯಯನ ಮಾಡಿದ್ದಾರೆ. ಇವುಗಳ ಉಂಗುರಗಳು ಸಮತಲವಾಗಿದ್ದು ತಾವೇ ಕೈರಲ್ ಅಲ್ಲ. ಆದ್ದರಿಂದ ಇದು ಅಸಮ್ಮಿತ ಸಂಶ್ಲೇಷಣೆಗಿಂತ ಭಿನ್ನವಾದ, ಆದರೆ ಔಷಧ ಶೋಧನೆಯಲ್ಲಿ ಅದಕ್ಕೆ ಪೂರಕವಾದ ಕ್ಷೇತ್ರ. ಸುರತ್ಕಲ್‌ನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಲ್ಲಿಯೂ ಸಾವಯವ ರಸಾಯನಶಾಸ್ತ್ರದ ಸಂಶೋಧನೆ ನಡೆಯುತ್ತದೆ. ಬೈಕಂಪಾಡಿಯಲ್ಲಿ ಸೋಲಾರಾ ಕಂಪನಿಯೂ, ಮಂಗಳೂರು ವಿಶೇಷ ಆರ್ಥಿಕ ವಲಯದಲ್ಲಿ ಸಿಂಜೀನ್ ಕಂಪನಿಯೂ ಔಷಧ ಮೂಲವಸ್ತುಗಳ ಘಟಕಗಳನ್ನು ಹೊಂದಿವೆ.

## ಕೈಗಾರಿಕೆಯಲ್ಲಿನ ಸವಾಲುಗಳು

ಪ್ರಯೋಗಾಲಯದಲ್ಲಿ ಕೆಲವು ಮಿಲಿಗ್ರಾಂ ವಸ್ತು ನೀಡುವ ಕ್ರಿಯೆ ಕಾರ್ಖಾನೆಯಲ್ಲಿ ನೂರಾರು ಕಿಲೋಗ್ರಾಂ ಪ್ರಮಾಣದಲ್ಲಿ ಅದೇ ಆಯ್ಕೆಯನ್ನು ನೀಡುತ್ತದೆಂಬ ಖಾತರಿಯಿಲ್ಲ. ದೊಡ್ಡ ಪಾತ್ರೆಯಲ್ಲಿ ಶಾಖ ಹೊರಹೋಗುವುದು ನಿಧಾನ, ಬೆರೆಯುವಿಕೆಯೂ ಅಸಮ. ರೋಡಿಯಂ, ರುಥೇನಿಯಂ ಮೊದಲಾದ ಲೋಹಗಳು ದುಬಾರಿ. ಅವುಗಳ ಅಂಶ ಔಷಧದಲ್ಲಿ ನಿಗದಿತ ಮಿತಿಯನ್ನು ಮೀರಿ ಉಳಿಯಬಾರದು. ಆದ್ದರಿಂದ ಕ್ರಿಯಾವರ್ಧಕದ ಪ್ರಮಾಣವನ್ನು ತಗ್ಗಿಸುವುದು, ಅದನ್ನು ಮರಳಿ ಪಡೆಯುವುದು, ದ್ರಾವಕಗಳನ್ನು ಕಡಿಮೆ ಮಾಡುವುದು ಸಂಶೋಧನೆಯ ಮುಖ್ಯ ಗುರಿಗಳಾಗಿವೆ.

## ಪೇಟೆಂಟ್ ಮತ್ತು ಬೆಲೆ

ರೇಸಿಮಿಕ್ ಔಷಧದ ಪೇಟೆಂಟ್ ಅವಧಿ ಮುಗಿಯುವ ವೇಳೆಗೆ ಅದರ ಒಂದೇ ರೂಪವನ್ನು ಹೊಸ ಔಷಧವಾಗಿ ಮಾರುಕಟ್ಟೆಗೆ ತರುವ ಪದ್ಧತಿಯನ್ನು ಕೈರಲ್ ಬದಲಾವಣೆ ಎನ್ನುತ್ತಾರೆ. ಒಮೆಪ್ರಜೋಲ್ ಬಳಿಕ ಬಂದ ಎಸೊಮೆಪ್ರಜೋಲ್ ಇದರ ಪ್ರಸಿದ್ಧ ಉದಾಹರಣೆ. ಅದನ್ನು ಟೈಟಾನಿಯಂ ಮತ್ತು ಡೈಈಥೈಲ್ ಟಾರ್ಟ್ರೇಟ್ ಬಳಸುವ ಅಸಮ್ಮಿತ ಉತ್ಕರ್ಷಣದಿಂದ ತಯಾರಿಸಲಾಗುತ್ತದೆ. ಕೆಲವು ಸಂದರ್ಭಗಳಲ್ಲಿ ಈ ಬದಲಾವಣೆಯಿಂದ ರೋಗಿಗೆ ಪ್ರಯೋಜನವಿದೆ. ಇನ್ನು ಕೆಲವು ಸಂದರ್ಭಗಳಲ್ಲಿ ಪೇಟೆಂಟ್ ಅವಧಿಯನ್ನು ವಿಸ್ತರಿಸುವುದೇ ಇದರ ಉದ್ದೇಶವೆಂಬ ಟೀಕೆ ಇದೆ.

ಭಾರತದ 1970ರ ಪೇಟೆಂಟ್ ಕಾಯ್ದೆಯು ಔಷಧಗಳಿಗೆ ತಯಾರಿಕಾ ವಿಧಾನದ ಪೇಟೆಂಟನ್ನು ಮಾತ್ರ ನೀಡುತ್ತಿತ್ತು. ಹೊಸ ಮಾರ್ಗದಿಂದ ಅದೇ ಔಷಧವನ್ನು ತಯಾರಿಸಲು ಅವಕಾಶವಿದ್ದುದರಿಂದ ದೇಶದಲ್ಲಿ ಸಂಶ್ಲೇಷಣಾ ರಸಾಯನಶಾಸ್ತ್ರಜ್ಞರಿಗೆ ವಿಶೇಷ ಬೇಡಿಕೆ ಉಂಟಾಯಿತು. 2005ರಿಂದ ಉತ್ಪನ್ನ ಪೇಟೆಂಟ್ ಮತ್ತೆ ಜಾರಿಗೆ ಬಂದಿತು. ಆಗ ತಿದ್ದುಪಡಿಯಾದ ಕಾಯ್ದೆಯ 3(ಡಿ) ವಿಭಾಗದ ವಿವರಣೆಯಲ್ಲಿ ಸಮಾಂಗಿಗಳ ಪ್ರಸ್ತಾಪವಿದೆ. ಅದರಂತೆ ಈಗಾಗಲೇ ತಿಳಿದಿರುವ ವಸ್ತುವಿನ ಸಮಾಂಗಿಯನ್ನು ಅದೇ ವಸ್ತುವೆಂದು ಪರಿಗಣಿಸಲಾಗುತ್ತದೆ. ಪರಿಣಾಮಕಾರಿತ್ವದ ದೃಷ್ಟಿಯಿಂದ ಗುಣಗಳಲ್ಲಿ ಗಮನಾರ್ಹ ವ್ಯತ್ಯಾಸವಿದ್ದರೆ ಮಾತ್ರ ಅದು ಹೊಸ ವಸ್ತುವೆನಿಸುತ್ತದೆ. ಹೀಗಾಗಿ ಎರಡು ಪ್ರತಿಬಿಂಬ ರೂಪಗಳು ದೇಹದಲ್ಲಿ ಎಷ್ಟರಮಟ್ಟಿಗೆ ಭಿನ್ನವಾಗಿ ವರ್ತಿಸುತ್ತವೆ ಎಂಬ ಪ್ರಯೋಗಾಲಯದ ಪ್ರಶ್ನೆಯು ಔಷಧದ ಬೆಲೆಯನ್ನೂ ಲಭ್ಯತೆಯನ್ನೂ ನಿರ್ಧರಿಸುವ ಕಾನೂನಿನ ಪ್ರಶ್ನೆಯೂ ಆಗಿದೆ.